ನಾಲ್ಕರಲ್ಲೊಂದು ಗಿಡ

ಕಳೆದ ತಿಂಗಳು ಒಂದು ಮದುವೆಯ ನೆಪ ಮಾಡಿಕೊಂಡು ತಿರುವನಂತಪುರದಿಂದ ಕೊಚ್ಚಿಗೆ ಹೋಗಿದ್ದೆ. ವೈಟ್ಟಿಲದ ಬಸ್ ನಿಲ್ದಾಣದ ಹಿಂದಿನ ಜೆಟ್ಟಿಯಲ್ಲಿ ಬೋಟಿಗೆ ಕಾಯುತ್ತ ನಿಂತಾಗ ಇಳಿತದ ಹೊತ್ತು. ನೀರು ಸರಿದು ದಂಡೆಯ ಕಪ್ಪು ಕೆಸರು ಹೊರಗೆ ಬಿದ್ದಿತ್ತು. ಕೊಳೆತ ಹುಲ್ಲು, ಉಪ್ಪು, ಸೀಗಡಿ ಮೂರೂ ಬೆರೆತ ವಾಸನೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು, ಕೊರಳಲ್ಲಿ ಯಾವುದೋ ಐಟಿ ಕಂಪನಿಯ ಗುರುತಿನ ಚೀಟಿ, ಮೂಗಿಗೆ ಕರವಸ್ತ್ರ ಹಿಡಿದು ಫೋನಿನಲ್ಲಿ ಕನ್ನಡದಲ್ಲೇ ಯಾರಿಗೋ ಬೈಯುತ್ತಿದ್ದಳು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಏಳು ವರ್ಷ ಈ ಊರಿನ ಈ ದಿಕ್ಕಿಗೆ ತಲೆ ಹಾಕದೆ ತಪ್ಪಿಸಿಕೊಂಡಿದ್ದೆ. ಬೋಟು ಬಂತು, ಜನ ಹತ್ತಿದರು, ಹೋಯಿತು. ನಾನು ಹತ್ತಲಿಲ್ಲ.

ನಾನು ಗದಗಿನವಳು. ಕಪ್ಪು ಹೊಲ, ಬಿಳಿಜೋಳ ನೋಡಿ ಬೆಳೆದವಳು. ಕೇಂದ್ರ ಸರ್ಕಾರದ ಕೃಷಿ ಸಂಶೋಧನೆಯ ನೌಕರಿ ಸಿಕ್ಕಿ ಮೊದಲ ಪೋಸ್ಟಿಂಗ್ ಕೊಚ್ಚಿಗೆ ಬಂದಾಗ, ನಗರದ ಉತ್ತರಕ್ಕೆ ಹಿನ್ನೀರಿನ ನಡುವಿನ ಒಂದು ದ್ವೀಪದಲ್ಲಿದ್ದ ಪುಟ್ಟ ಕೇಂದ್ರಕ್ಕೆ ಹಾಕಿದರು. ಅಲ್ಲಿ ಉಪ್ಪುನೀರಿನಲ್ಲಿ ಭತ್ತ ಬೆಳೆಯುತ್ತಾರೆ ಎಂದು ಅವ್ವನಿಗೆ ಫೋನಿನಲ್ಲಿ ಹೇಳಿದರೆ, "ಉಪ್ಪಿನಾಗ ಭತ್ತ ಬೆಳೀತಾರಂತ, ಯಾರಿಗೆ ಹೇಳ್ತಿ ನೀ" ಎಂದು ನಕ್ಕುಬಿಟ್ಟಿದ್ದಳು. ಆ ಭತ್ತದ ಹೆಸರು ಪೊಕ್ಕಾಳಿ. ಮಳೆಗಾಲದಲ್ಲಿ ಹಿನ್ನೀರಿನ ಉಪ್ಪು ತೊಳೆದು ಹೋದಾಗ ಭತ್ತ. ಮಳೆ ಮುಗಿದು ಸಮುದ್ರದ ನೀರು ಒಳಗೆ ನುಗ್ಗಿದಾಗ ಅದೇ ಗದ್ದೆಯಲ್ಲಿ ಸೀಗಡಿ. ಆಳೆತ್ತರ ಬೆಳೆಯುವ, ಕೆಂಪಕ್ಕಿಯ, ಕಾಳಿನ ತುದಿಗೆ ಕೂದಲಿನಂಥ ಉದ್ದ ಸುಂಗು ಇರುವ ಹಳೆಯ ತಳಿ. ಉಪ್ಪಿಗೆ ಬಗ್ಗುವುದಿಲ್ಲ, ಆದರೆ ಇಳುವರಿ ಅಷ್ಟಕ್ಕಷ್ಟೆ.

ನಮ್ಮ ಕೆಲಸ ಇದಕ್ಕೂ ಒಂದು ಗಿಡ್ಡ, ಹೆಚ್ಚು ಕಾಳು ಕಟ್ಟುವ, ಉಪ್ಪು ತಾಗಿದರೆ ಸತ್ತೇ ಹೋಗುವ ತಳಿಗೂ ಸಂಬಂಧ ಬೆಳೆಸುವುದು. ಸಂಬಂಧ ಬೆಳೆಸಿ, ಮಕ್ಕಳನ್ನು ಪಡೆದು, ಆ ಮಕ್ಕಳಿಂದ ಮೊಮ್ಮಕ್ಕಳನ್ನು ಪಡೆದಿದ್ದೆವು. ಆ ವರ್ಷ ಒಂದು ಗದ್ದೆಯಲ್ಲಿ ಆ ಮೊಮ್ಮಕ್ಕಳು ಸುಮಾರು ನಾನೂರು ಗಿಡ. ಒಂದು ಕುಣಿಗೆ ಒಂದೇ ಸಸಿ, ಸಾಲಿನ ತುದಿಗೆ ಬಿದಿರು ಗೂಟ, ಪ್ರತಿ ಗಿಡಕ್ಕೂ ನನ್ನ ಪುಸ್ತಕದಲ್ಲಿ ಒಂದು ಸಂಖ್ಯೆ. ಅವುಗಳಲ್ಲಿ ಉಪ್ಪು ತಡೆಯುವ ಗುಣ ಹೇಗೆ ಹಂಚಿಕೆಯಾಗಿದೆ ಎಂದು ನೋಡಬೇಕಿತ್ತು. ಶಾಲೆಯ ಪುಸ್ತಕದ ಬಟಾಣಿಯ ಹಾಗೆ ಒಂದೇ ವಂಶವಾಹಿಯ ಆಟವಾದರೆ ಮೊಮ್ಮಕ್ಕಳು ಎರಡೇ ಗುಂಪಾಗಿ ಒಡೆಯುತ್ತಾರೆ: ನಾಲ್ಕರಲ್ಲಿ ಮೂರು ಒಂದು ಥರ, ಒಂದು ಇನ್ನೊಂದು ಥರ. ಹಾಗಿದ್ದರೆ ತಳಿ ಮಾಡುವುದು ಸುಲಭ. ಆ ಒಂದು ವಂಶವಾಹಿಯನ್ನು ಹಿಡಿದು ದಾಟಿಸಿದರೆ ಆಯಿತು.

ಆದರೆ ಜಗತ್ತಿನ ಬಹುಪಾಲು ಗುಣಗಳು ಬಟಾಣಿಯ ಮಾತು ಕೇಳುವುದಿಲ್ಲ. ನಮ್ಮ ಮನೆಯನ್ನೇ ನೋಡಿ. ಅಪ್ಪ ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಳ್ಳುವಷ್ಟು ಎತ್ತರ, ಅವ್ವ ಅವರ ಎದೆಗೂ ಬರುವುದಿಲ್ಲ. ಆರು ಮಕ್ಕಳು ನಾವು ಆರು ಎತ್ತರ. ಯಾರೂ ಅಪ್ಪನಲ್ಲ, ಯಾರೂ ಅವ್ವನಲ್ಲ. ಎತ್ತರ ಎಂಬುದು ಒಬ್ಬ ಯಜಮಾನನ ಆಜ್ಞೆಯಲ್ಲ, ಹತ್ತಾರು ವಂಶವಾಹಿಗಳು ಕೂಡಿ ಒಂದಿಷ್ಟು ಒಂದಿಷ್ಟು ಹಾಕಿದ ವಂತಿಗೆ. ಹನಿಗೂಡಿದರೆ ಹಳ್ಳ ಎಂದ ಹಾಗೆ. ಅಂಥ ಗುಣವನ್ನು ಕಾಗದದ ಮೇಲೆ ಬರೆದರೆ ಎರಡು ಗುಂಪು ಬರುವುದಿಲ್ಲ. ನಡುವೆ ಉಬ್ಬಿ ಎರಡೂ ಕಡೆ ಇಳಿಯುವ ಒಂದೇ ದಿಬ್ಬ ಬರುತ್ತದೆ. ಉಪ್ಪಿನ ವಿಷಯದಲ್ಲೂ ಹಾಗೆಯೇ ಇರಬಹುದು ಎಂದು ನನಗೆ ಒಳಗೊಳಗೇ ಅನುಮಾನ. ಬೇರಿನಲ್ಲೇ ಉಪ್ಪನ್ನು ತಡೆಯುವುದು ಒಂದರ ಕೆಲಸ, ಒಳಗೆ ಬಂದದ್ದನ್ನು ಹಳೆ ಎಲೆಗೆ ತಳ್ಳುವುದು ಇನ್ನೊಂದರದು, ಬೇಗ ಎತ್ತರಕ್ಕೆ ಬೆಳೆದು ತಪ್ಪಿಸಿಕೊಳ್ಳುವುದು ಮತ್ತೊಂದರದು. ಆದರೆ ತಿರುವನಂತಪುರದಲ್ಲಿ ಕೂತಿದ್ದ ನಮ್ಮ ಮುಖ್ಯಸ್ಥ ಜಯದೇವನ್ ಸರ್‌ಗೆ ಒಂದೇ ವಂಶವಾಹಿ ಬೇಕಿತ್ತು. ಪಾಪ, ನಿವೃತ್ತಿ ಹತ್ತಿರವಿತ್ತು. ಒಂದು ಹೆಸರು ಬಿಟ್ಟು ಹೋಗಬೇಕೆಂಬ ಆಸೆ ಯಾರಿಗಿರುವುದಿಲ್ಲ.

ಕೇಂದ್ರದ ಗದ್ದೆ ನಿಜವಾಗಿ ನಡೆಯುತ್ತಿದ್ದುದು ಅಮ್ಮಿಣಿ ಚೇಚಿಯ ಕೈಯಲ್ಲಿ. ಐವತ್ತು ದಾಟಿದ, ಗಟ್ಟಿ ಪಿಂಡದ ಹೆಂಗಸು. ಅಕ್ಕನನ್ನು ಚೇಚಿ ಎನ್ನುವ ಊರು. ಆಫೀಸಿನವರೆಲ್ಲ ಹಾಗೆಯೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ದಿನಗೂಲಿ. ಆ ವರ್ಷ ಕೇಂದ್ರಕ್ಕೆ ಒಂದೇ ಒಂದು ಖಾಯಂ ಜಾಗ ಬಂದಿತ್ತು, ಪಟ್ಟಿಯ ಮೇಲಿನ ಹೆಸರು ಅವಳದು, ವರ್ಷದ ಕೊನೆಗೆ ಜಯದೇವನ್ ಸರ್ ಶಿಫಾರಸು ಬರೆದರೆ ಮುಗಿಯಿತು. ಅದು ಅವಳಿಗೂ ಗೊತ್ತಿತ್ತು, ದ್ವೀಪಕ್ಕೆಲ್ಲ ಗೊತ್ತಿತ್ತು. ನಾಲಗೆಯ ಮೇಲೆ ನೀರು ಹಾಕಿಕೊಂಡು ಇಂದು ಉಪ್ಪು ಎಷ್ಟೆಂದು ಹೇಳುವಳು. ನನ್ನ ಮೀಟರು ಆಮೇಲೆ ಹೌದೆನ್ನುತ್ತಿತ್ತು. ಆಫೀಸಿನಲ್ಲಿ ನನ್ನನ್ನು ಮೇಡಂ ಎನ್ನುವಳು, ಗದ್ದೆಗಿಳಿದರೆ ಮೋಳೆ, ಅಂದರೆ ಮಗಳೆ. ಅವಳು ಆಡುತ್ತಿದ್ದುದು ಮಲಯಾಳ. ಆದರೆ ಅದು ನನ್ನ ಕಿವಿಗಿಳಿದು ಮನಸ್ಸಿಗೆ ಮುಟ್ಟುವಷ್ಟರಲ್ಲಿ ನಮ್ಮ ಗದಗಿನ ಮಾತಾಗಿಬಿಡುತ್ತಿತ್ತು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಬೇರೆ ಥರ ನನಗೆ ನೆನಪಿಲ್ಲ.

ಜೂನಿನಲ್ಲಿ ಮಳೆ ಹೊಡೆದು ಉಪ್ಪು ತೊಳೆಯಿತು. ಗದ್ದೆಯ ಮಣ್ಣಿನ ದಿಬ್ಬಗಳ ಮೇಲೆ ಮೊಳಕೆ ಬಿತ್ತಿದೆವು. ಜುಲೈಯಲ್ಲಿ ಸಸಿ ಕಿತ್ತು, ಸಂಖ್ಯೆ ನೋಡಿ ನೋಡಿ, ಒಂದೊಂದಾಗಿ ನಾಟಿ ಮಾಡಿದೆವು. ಆಮೇಲೆ ಇದ್ದಕ್ಕಿದ್ದಂತೆ ಮಳೆ ನಿಂತಿತು. ಮಳೆ ನಿಂತರೆ ಸಮುದ್ರ ಮೇಲಕ್ಕೆ ಬರುತ್ತದೆ, ಗದ್ದೆಗೆ ಉಪ್ಪೇರುತ್ತದೆ. ನಮಗೆ ಬೇಕಾದದ್ದೂ ಅದೇ. ಈ ಉಪ್ಪಿನಲ್ಲಿ ಯಾರು ಸಾಯುತ್ತಾರೆ, ಯಾರು ಸೊರಗುತ್ತಾರೆ, ಯಾರು ನಿಲ್ಲುತ್ತಾರೆ ಎಂಬುದೇ ಇಡೀ ಪ್ರಯೋಗ.

ಸರಿಯಾಗಿ ಅದೇ ಹೊತ್ತಿಗೆ ನನಗೆ ತಿರುವನಂತಪುರದಿಂದ ಆದೇಶ ಬಂತು: ಹತ್ತು ದಿನದ ಹಿಂದಿ ತರಬೇತಿ. ಕೇಂದ್ರ ಸರ್ಕಾರದ ನೌಕರಿಯಲ್ಲಿ ಇದರಿಂದ ತಪ್ಪಿಸಿಕೊಂಡವರಿಲ್ಲ. ಪ್ರೊಬೇಷನ್ ಮುಗಿಯಬೇಕಾದರೆ ಪಾಸಾಗಲೇಬೇಕು. ಗದ್ದೆ ಸಾಯುವ ಹೊತ್ತಿನಲ್ಲಿ ನಾನು ಫ್ಯಾನಿನ ಕೆಳಗೆ ಕೂತು ರಜಾ ಅರ್ಜಿಯನ್ನು ಹಿಂದಿಯಲ್ಲಿ ಬರೆಯುವುದು ಕಲಿತೆ. ಹೋಗುವ ಮುನ್ನ ಒಂದೇ ಭಯವಿತ್ತು. ನಮ್ಮ ಗದ್ದೆಯ ಕೂಲಿ ಹೆಂಗಸರಿಗೆ ಬೀಜದ ಗದ್ದೆಗಳಲ್ಲಿ ಕೆಲಸ ಮಾಡಿ ಒಂದು ಚಾಳಿ ಬಿದ್ದಿತ್ತು: ಬೇರೆ ಥರ ಕಾಣುವ, ಅಂದಗೆಟ್ಟ ಗಿಡ ಕಂಡರೆ ಕಿತ್ತೆಸೆಯುವುದು. ನನ್ನ ಗದ್ದೆಯಲ್ಲಿ ಎಲ್ಲವೂ ಬೇರೆ ಥರವೇ. ಆದ್ದರಿಂದ ಕೇಂದ್ರದ ಗುಮಾಸ್ತನ ಕೈಯಲ್ಲಿ ಮಲಯಾಳದಲ್ಲಿ ಬರೆಸಿ ಶೆಡ್ಡಿನ ಗೋಡೆಗೆ ಹಚ್ಚಿದೆ. ಒಂದು ಗಿಡವನ್ನೂ ಕೀಳಬಾರದು. ಕೆಳಗೆ ನನ್ನ ಸಹಿ. ಅಮ್ಮಿಣಿ ಚೇಚಿಗೆ ಬಾಯಲ್ಲೂ ಮೂರು ಸಲ ಹೇಳಿದೆ.

ಮರಳಿ ಬಂದಾಗ ಮತ್ತೆ ಮಳೆ ಹಿಡಿದಿತ್ತು, ಗದ್ದೆ ಹಸಿರಾಗಿತ್ತು. ಇಷ್ಟೊಂದು ಉಳಿದಿವೆಯಲ್ಲ ಎಂದು ಅಚ್ಚರಿಯಾಯಿತು, ಖುಷಿಯೂ ಆಯಿತು. ಅನುಮಾನ ಬರಲಿಲ್ಲ. ಮರುದಿನದಿಂದ ಸೊಂಟದವರೆಗೆ ನೀರಿಗಿಳಿದು ಒಂದೊಂದು ಗಿಡಕ್ಕೂ ಉಪ್ಪಿನ ಅಂಕ ಕೊಡುತ್ತ ಹೋದೆ. ಅಕ್ಟೋಬರಿನಲ್ಲಿ ತೆನೆ ಮಾತ್ರ ಕೊಯ್ದು, ದೋಣಿಯಲ್ಲಿ ಒಟ್ಟಿ, ಸಂಖ್ಯೆ ಬರೆದ ಚೀಲಗಳಿಗೆ ತುಂಬಿದೆವು. ಹುಲ್ಲು ಗದ್ದೆಯಲ್ಲೇ ಬಿಡುವುದು ಅಲ್ಲಿಯ ರೂಢಿ. ಕೊಳೆತು ಸೀಗಡಿಗೆ ಮೇವಾಗುತ್ತದೆ.

ಅಂಕಗಳನ್ನು ಕಂಪ್ಯೂಟರಿಗೆ ಹಾಕಿದಾಗ ದಿಬ್ಬ ಬರಲಿಲ್ಲ. ಎರಡು ಗುಡ್ಡ ಬಂದವು. ಒಂದು ದೊಡ್ಡದು, ನಡುವಿನಲ್ಲಿ. ಒಂದು ಸಣ್ಣದು, ಬಲಗಡೆ, ಉಪ್ಪಿಗೆ ಸೊಪ್ಪು ಹಾಕದ ಗಿಡಗಳದು. ಎಣಿಸಿ ನೋಡಿದರೆ ಬಲಗಡೆಯದು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಥೇಟ್ ಬಟಾಣಿ. ಜಯದೇವನ್ ಸರ್‌ಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. ನವೆಂಬರ್ ಕೊನೆಯ ಸೋಮವಾರ ತಿರುವನಂತಪುರದಲ್ಲಿ ವಾರ್ಷಿಕ ಸಭೆ, ದೆಹಲಿಯವರೂ ಬರುತ್ತಾರೆ, ನೀನೇ ಹೇಳಬೇಕು, ಪ್ರೊಬೇಷನ್ ಬಗ್ಗೆ ಚಿಂತೆ ಬಿಡು ಎಂದರು. ಅಂದು ನಾನೂ ನನ್ನ ಗಂಡನೂ ಪಾಲಾರಿವಟ್ಟಂನಲ್ಲಿ ಅವರು ಕೆಲಸ ಮಾಡುವ ಬ್ಯಾಂಕಿನ ಎದುರಿನ ಹೋಟೆಲಿನಲ್ಲಿ ಬಿರಿಯಾನಿ ತಿಂದೆವು. ನಾನು ತುಂಬಾ ಮಾತಾಡಿದೆ.

ಸಭೆಗೆ ನಾಲ್ಕು ದಿನ ಇರುವಾಗ, ಕೊನೆಯ ಚಿತ್ರವೊಂದು ಚೆನ್ನಾಗಿ ಕಾಣಲೆಂದು ಗಿಡಗಳ ಎತ್ತರವನ್ನೂ ಅದೇ ಕಾಗದಕ್ಕೆ ಹಾಕಿದೆ. ಎತ್ತರವಂತೂ ಹತ್ತಾರು ವಂಶವಾಹಿಗಳ ಕೆಲಸ, ಸಂಶಯವೇ ಇಲ್ಲ, ಒಳ್ಳೆಯ ದಿಬ್ಬ ಬರಬೇಕು. ದಿಬ್ಬವೇನೋ ಬಂತು. ಅದರ ಬಲಗಡೆಯ ಇಳಿಜಾರಿನಲ್ಲಿ ಸೂಜಿಯ ಹಾಗೆ ಒಂದು ಕೊಂಬು ಎದ್ದಿತ್ತು. ಅಷ್ಟೂ ಗಿಡಗಳು ಒಂದೇ ಎತ್ತರ. ಯಾವುವೆಂದು ಸಂಖ್ಯೆ ನೋಡಿದರೆ ಉಪ್ಪು ಗೆದ್ದ ಗುಂಪಿನವೇ. ಎದ್ದು ಹೋಗಿ ಚೀಲಗಳನ್ನು ಬಿಚ್ಚಿದೆ. ಎಲ್ಲ ಕೆಂಪು ಕಾಳು. ಎಲ್ಲಕ್ಕೂ ಉದ್ದ ಸುಂಗು. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಮೂಗು ಅಪ್ಪನದು, ಒಬ್ಬನಿಗೆ ಕಿವಿ ಅಮ್ಮನದು ಬರುತ್ತದೆ. ನೂರು ಜನ ಅಣ್ಣತಮ್ಮಂದಿರು ತಲೆಯಿಂದ ಕಾಲಿನವರೆಗೆ ಅಜ್ಜನನ್ನೇ ಹೋತು ಹುಟ್ಟುವುದಿಲ್ಲ. ಇವು ಮೊಮ್ಮಕ್ಕಳಲ್ಲ. ಇವು ಅಜ್ಜನೇ. ಶುದ್ಧ ಪೊಕ್ಕಾಳಿ.

ಇಷ್ಟು ದಿನ ಇದು ಕಣ್ಣಿಗೆ ಬೀಳಲಿಲ್ಲವೆ ಎಂದು ಈಗ ಯಾರಾದರೂ ಕೇಳಬಹುದು. ನನಗೂ ಆ ಎರಡು ಗುಡ್ಡ ಬೇಕಾಗಿದ್ದವು. ಬೇಕಾದದ್ದು ಸಿಕ್ಕಿದಾಗ ಯಾರೂ ತಿರುವಿ ನೋಡುವುದಿಲ್ಲ.

ಶೆಡ್ಡಿನಲ್ಲಿ ಅಮ್ಮಿಣಿ ಚೇಚಿ ಚೀಲ ಹೊಲಿಯುತ್ತಿದ್ದಳು. ನಾನು ಹಿಂದಿ ಕಲಿಯಲು ಹೋದಾಗ ಗದ್ದೆಯಲ್ಲಿ ಏನು ಮಾಡಿದಿರಿ ಎಂದು ಕೇಳಿದೆ. ಅವಳ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ಒಂದ ಗಿಡಾನೂ ಕಿತ್ತಿಲ್ಲ ಮೋಳೆ, ನೀ ಬರದಂಗ ಮಾಡೇನಿ" ಎಂದಳು. ಸತ್ತ ಗಿಡಗಳು? "ಸತ್ತಲ್ಲೆಲ್ಲಾ ಬದಲಿ ಹಚ್ಚೇನಿ. ಬದುವಿನ ಮ್ಯಾಲೆ ಪೊಕ್ಕಾಳಿ ಸಸಿ ಉಳದಿತ್ತು. ಹಲ್ಲ ಬಿದ್ದ ಬಾಯಿಯಂಥಾ ಗದ್ದೆ ಬಿಟ್ಟು ಮನೀಗ ಹೆಂಗ ಹೋಗೂದು?"

ನಾನು ಚೀಲದ ರಾಶಿಯ ಮೇಲೆ ಕೂತುಬಿಟ್ಟೆ. ಸತ್ತ ಗಿಡದ ಜಾಗ ತುಂಬುವುದು ನಾಟಿಯ ಮೊದಲ ಪಾಠ. ಅವಳ ತಾಯಿ ಮಾಡಿದ್ದು, ಅಜ್ಜಿ ಮಾಡಿದ್ದು. ಖಾಲಿ ಕುಣಿ ಬಿಟ್ಟು ಬದು ಹತ್ತಿದ ಹೆಂಗಸನ್ನು ಆ ದ್ವೀಪದಲ್ಲಿ ಸೋಮಾರಿ ಎನ್ನುತ್ತಾರೆ. ನನ್ನ ಪ್ರಯೋಗದಲ್ಲಿ ಮಾತ್ರ ಆ ಖಾಲಿ ಕುಣಿಯೇ ಉತ್ತರ. ಅದನ್ನು ನಾನು ಹೇಳಿರಲಿಲ್ಲ. ಕೀಳಬೇಡಿ ಎಂದು ಗೋಡೆಗೆ ಹಚ್ಚಿದವಳಿಗೆ ನೆಡಬೇಡಿ ಎಂದು ಬರೆಯುವುದು ಹೊಳೆದೇ ಇರಲಿಲ್ಲ.

ಜಯದೇವನ್ ಸರ್‌ಗೆ ಫೋನ್ ಮಾಡಿದೆ. ಆದದ್ದನ್ನು ಹೇಳಿದೆ. ಯಾವ ಗಿಡ ಬದಲಿ, ಯಾವುದು ಮೂಲದ್ದು ಎಂದು ಖಚಿತವಾಗಿ ಹೇಳಬಲ್ಲೆಯಾ ಎಂದು ಕೇಳಿದರು. ಸುಂಗು, ಎತ್ತರ ನೋಡಿ ಅಂದಾಜು ಹೇಳಬಹುದು ಎಂದೆ. ಅಂದಾಜಿನ ಮೇಲೆ ಒಂದು ಫಲಿತಾಂಶವನ್ನು ಕೊಲ್ಲುವುದಕ್ಕಾಗುವುದಿಲ್ಲ, ಖಚಿತವಿಲ್ಲದಿದ್ದರೆ ಇದ್ದದ್ದು ಇದ್ದ ಹಾಗೆ ಹೇಳು ಎಂದರು. ಹಾಗೆ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಹಳೆಯ ಪೊಕ್ಕಾಳಿಗೇ ಹೊಸ ಹೆಸರಿಟ್ಟು, ಹೆಚ್ಚು ಕಾಳು ಕೊಡುತ್ತದೆ ಎಂದು ಹಂಚುತ್ತಿದ್ದೆವು. ಇಲ್ಲದ ಒಂದು ವಂಶವಾಹಿಯನ್ನು ಹುಡುಕುತ್ತ ಇನ್ನಾರೋ ಹತ್ತು ವರ್ಷ ಸವೆಸುತ್ತಿದ್ದರು.

ಖಚಿತ ಮಾಡುವ ದಾರಿ ತೋರಿಸಿದವಳೂ ಅಮ್ಮಿಣಿ ಚೇಚಿಯೇ. ಬದಲಿ ಹಚ್ಚುವಾಗ ಯಾರೂ ಒಂಟಿ ಸಸಿ ಹಚ್ಚುವುದಿಲ್ಲವಂತೆ. ಒಂದು ಸತ್ತರೆ ಇನ್ನೊಂದಿರಲಿ ಎಂದು ಎರಡೆರಡು ಕೂಡಿಸಿ ಊರುತ್ತಾರೆ. ನಾವು ಮೊದಲು ನೆಟ್ಟದ್ದು ಒಂದೊಂದೇ. ಬೆಳೆದು ಕವಲೊಡೆದ ಮೇಲೆ ಎರಡೂ ಒಂದೇ ಪೊದೆಯ ಹಾಗೆ ಕಾಣುತ್ತವೆ, ಆದರೆ ಬುಡದಲ್ಲಿ ಬೇರೆ ಬೇರೆ. ತೆನೆ ಕೊಯ್ದು ಉಳಿದ ಕೂಳೆ ಇನ್ನೂ ಗದ್ದೆಯಲ್ಲೇ ಇದೆ, ಮುಟ್ಟಿ ನೋಡಿದರೆ ಗೊತ್ತಾಗುತ್ತದೆ ಎಂದಳು.

ಕೂಳೆ ಇದ್ದದ್ದು ನೀರಿನ ಅಡಿ. ಸೀಗಡಿ ಕಾಲ ಶುರುವಾಗಿತ್ತು. ಗದ್ದೆಯ ತೂಬು ಸೀಗಡಿ ಹಿಡಿಯುವ ಗುತ್ತಿಗೆದಾರನ ಕೈಯಲ್ಲಿತ್ತು. ಭರತದಲ್ಲಿ ಹಲಗೆ ತೆಗೆದು ನೀರು ಒಳಗೆ ಬಿಡುವನು, ಇಳಿತದಲ್ಲಿ ಬಲೆ ಕಟ್ಟಿ ಹೊರಗೆ ಬಿಡುವನು. ಅವನನ್ನು ಕಾಡಿ ಬೇಡಿ ಭಾನುವಾರ ಬೆಳಗಿನ ಇಳಿತಕ್ಕೆ ನೀರು ಆದಷ್ಟು ಬಸಿಯುವಂತೆ ಒಪ್ಪಿಸಿದೆ. ಹತ್ತೂವರೆಗೆ ಸಮುದ್ರ ತಿರುಗುತ್ತದೆ, ಆಮೇಲೆ ಒಂದು ನಿಮಿಷವೂ ತಡೆಯುವುದಿಲ್ಲ ಎಂದ. ಶನಿವಾರ ಇಡೀ ದಿನ ನನಗೆ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಇಳಿದೆವು. ಅಮ್ಮಿಣಿ ಚೇಚಿ ಉಟ್ಟಿದ್ದ ಮುಂಡನ್ನು ಎತ್ತಿಕಟ್ಟಿ ತೊಡೆಮಟ್ಟದ ನೀರಿನಲ್ಲಿ ನಡೆದಳು. ನಾನೂ ಇಳಿದೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ನನ್ನ ಕಾಲಿಗೆ ಕೆಸರು, ಹುಲ್ಲು, ಬುಡ ಎಲ್ಲ ಒಂದೇ. ಬಗ್ಗಿ ಕೈ ಹಾಕಿದರೆ ಒಂದು ಬುಡಕ್ಕೆ ಒಂದು ನಿಮಿಷ ಬೇಕು. ನಾನೂರಕ್ಕೆ ಎಲ್ಲಿಯ ಹೊತ್ತು. ನೀ ಮ್ಯಾಲೆ ಹತ್ತಿ ಬರಕೋ ಎಂದಳು. ಅವಳಿಗೆ ಕಾಲಬೆರಳೇ ಸಾಕಾಗಿತ್ತು. ಬಿದಿರು ಗೂಟದಿಂದ ಗೂಟಕ್ಕೆ ಸಾಲು ಹಿಡಿದು, ಒಂದೊಂದು ಬುಡದ ಮೇಲೂ ಹೆಬ್ಬೆರಳು ಒತ್ತಿ, ತಲೆ ಎತ್ತದೆ ಕೂಗುತ್ತ ಹೋದಳು. ಒಂದು. ಒಂದು. ಎರಡು. ಒಂದು. ಎರಡು. ನಾನು ಬದುವಿನ ಮೇಲೆ ನಿಂತು ಸಂಖ್ಯೆಯ ಮುಂದೆ ಗುರುತು ಹಾಕಿದೆ.

ಎಂಟೂವರೆಗೆ ಅರ್ಧವೂ ಆಗಿರಲಿಲ್ಲ. ಬಿಸಿಲೇರಿತು. ಅವಳ ದನಿ ಒಣಗಿತು. ನೀರು ಕೊಡಲು ಹೋದರೆ ಕೈ ಆಡಿಸಿ ಬೇಡ ಎಂದಳು. ನಿಂತರೆ ಲೆಕ್ಕ ತಪ್ಪುತ್ತದೆ. ಒಂಬತ್ತೂವರೆಗೆ ಗುತ್ತಿಗೆದಾರ ಬಂದು ತೂಬಿನ ಮೇಲೆ ಕೂತು ಬೀಡಿ ಹಚ್ಚಿದ. ಹತ್ತಕ್ಕೆ ಇನ್ನೂ ಎಂಟು ಸಾಲು. ಹಿನ್ನೀರಿನ ಮೇಲೆ ಕಸ ಕಡ್ಡಿ ನಿಂತಲ್ಲೇ ನಿಂತವು. ನೀರು ತಿರುಗುವ ಮುನ್ನ ಹಾಗೆ ಒಂದು ಗಳಿಗೆ ಎಲ್ಲ ನಿಲ್ಲುತ್ತದೆ. ಆಮೇಲೆ ಅವು ನಿಧಾನವಾಗಿ ನಮ್ಮ ಕಡೆ ಬರತೊಡಗಿದವು. ಗುತ್ತಿಗೆದಾರ ಎದ್ದು ಮೊದಲ ಹಲಗೆ ತೆಗೆಯಲು ಕೈ ಹಾಕಿದ. ನಾನು ಬದುವಿನ ಮೇಲೆ ಓಡಿ ಹೋಗಿ ಆ ಹಲಗೆಯ ಮೇಲೆ ಕಾಲಿಟ್ಟು ನಿಂತೆ. ಅವನು ಬೈದ. ಏನು ಬೈದ ಎಂದು ಇವತ್ತಿಗೂ ಗೊತ್ತಿಲ್ಲ, ಅಷ್ಟು ಮಲಯಾಳ ನನಗೆ ಬರುತ್ತಿರಲಿಲ್ಲ. ಅಮ್ಮಿಣಿ ಚೇಚಿ ತೂಬಿನ ಪಕ್ಕದ ತಗ್ಗಿನ ಕೊನೆಯ ಸಾಲಿಗೆ ಬರುವಾಗ ನೀರು ಅವಳ ಸೊಂಟಕ್ಕಿತ್ತು. ಒಂದು. ಎರಡು. ಒಂದು. ಆಯ್ತು ಮೋಳೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಎರಡು ಎಂದು ಕೂಗಿದವನ್ನೆಲ್ಲ ಸತ್ತವು ಎಂದು ತಿದ್ದಿದೆ. ಬಲಗಡೆಯ ಗುಡ್ಡ ಕರಗಿಹೋಯಿತು. ಎಡಗಡೆ ಸತ್ತವು, ನಡುವೆ ಬಹುಪಾಲು, ಬಲಕ್ಕೆ ಹೋದಂತೆ ಕಡಿಮೆಯಾಗುತ್ತ ಕೊನೆಗೆ ಬೆರಳೆಣಿಕೆಯ ಗಟ್ಟಿಗರು. ಒಂದೇ ಉದ್ದ ದಿಬ್ಬ. ಆ ಗುಣಕ್ಕೆ ಒಬ್ಬ ಯಜಮಾನನಿಲ್ಲ. ಹತ್ತಾರು ವಂಶವಾಹಿಗಳಲ್ಲಿ ಯಾರಿಗೆ ಹೆಚ್ಚು ಒಳ್ಳೆಯವು ಒಟ್ಟಿಗೆ ಬಂದವೋ ಅವರು ನಿಂತರು. ಆ ಬೆರಳೆಣಿಕೆಯ ಗಿಡಗಳಲ್ಲಿ ಎರಡು ಗಿಡ್ಡವೂ ಆಗಿದ್ದವು. ನಿಜವಾಗಿ ನಮಗೆ ಬೇಕಾದ ಮೊಮ್ಮಕ್ಕಳು ಅವೇ. ಆ ಬಲಗಡೆಯ ಗುಡ್ಡದ ಬೆರಗಿನಲ್ಲಿ ಅವನ್ನು ನಾನು ಕಂಡೇ ಇರಲಿಲ್ಲ. ನನ್ನ ಗಂಡ ತಟ್ಟೆ ತಂದು ಮುಂದಿಟ್ಟು, "ಈಗಾದರೂ ಎರಡು ತುತ್ತು ತಿನ್ನೇ" ಎಂದರು. ತಿನ್ನುತ್ತ ಅತ್ತುಬಿಟ್ಟೆ.

ಸೋಮವಾರ ನಸುಕಿನ ರೈಲು ಹಿಡಿದು ತಿರುವನಂತಪುರಕ್ಕೆ ಹೋದೆ. ಗೋಡೆಗೆ ಹಚ್ಚಿದ್ದ ಆ ಸೂಚನೆಯ ಹಾಳೆಯನ್ನು ಕಿತ್ತು ಚೀಲದಲ್ಲಿಟ್ಟುಕೊಂಡಿದ್ದೆ. ತಪ್ಪು ಸೂಚನೆಯದು, ಸೂಚನೆ ನನ್ನದು ಎಂದು ತೋರಿಸಬೇಕೆಂದು. ಸಭಾಂಗಣದ ಹೊರಗೆ ಜಯದೇವನ್ ಸರ್ ನನ್ನ ಹೊಸ ಚಿತ್ರವನ್ನು ನಿಂತಲ್ಲೇ ನೋಡಿದರು. ಅವರ ಮುಖ ಇಳಿಯಿತು. ಆದರೂ ಮನುಷ್ಯ ದೊಡ್ಡವರು. ಇದನ್ನೇ ಹೇಳು ಎಂದರು. ಹೇಗಾಯಿತೆಂದು ಕೇಳಿದರೆ ಕೂಲಿಯವರು ಮಾಡಿದ್ದು ಎನ್ನು, ಅಷ್ಟು ಸಾಕು ಎಂದೂ ಸೇರಿಸಿದರು.

ಹೇಳಿದೆ. ಮೊದಲು ತಪ್ಪು ಚಿತ್ರ, ಆಮೇಲೆ ಸರಿ ಚಿತ್ರ. ಅಧ್ಯಕ್ಷತೆ ವಹಿಸಿದ್ದ ದೆಹಲಿಯ ಹಿರಿಯರು ಕನ್ನಡಕ ತೆಗೆದು, ಇಂಥದ್ದನ್ನು ತಾವೇ ಬಂದು ಹೇಳುವವರನ್ನು ನೋಡಿ ಬಹಳ ದಿನವಾಯಿತು ಎಂದರು. ಆಮೇಲೆ, ಖಾಲಿ ಜಾಗ ತುಂಬಿದವರು ಯಾರು, ಅವರಿಗೆ ಸೂಚನೆ ಇರಲಿಲ್ಲವೆ ಎಂದು ಕೇಳಿದರು. ಸೂಚನೆಯಲ್ಲಿ, ಎಂದು ನಾನು ಶುರುಮಾಡಿದೆ. ಪಕ್ಕದ ಕುರ್ಚಿಯಿಂದ ಜಯದೇವನ್ ಸರ್ ಅಮ್ಮಿಣಿ ಚೇಚಿಯ ಹೆಸರು ಹೇಳಿ, ಸೂಚನೆಗೆ ವಿರುದ್ಧವಾಗಿ ಮಾಡಿದ್ದಾರೆ ಎಂದು ಮುಗಿಸಿಬಿಟ್ಟರು. ಅಧ್ಯಕ್ಷರು ನನ್ನ ಕಡೆ ನೋಡಿ, ಹೌದೇ ಎಂದರು.

ಹಾಳೆ ಚೀಲದಲ್ಲಿತ್ತು. ಚೀಲ ನನ್ನ ಕಾಲ ಹತ್ತಿರವಿತ್ತು. ನನ್ನ ಪ್ರೊಬೇಷನ್ ವರದಿ ಬರೆಯುವವರು ಪಕ್ಕದಲ್ಲಿ ಕೂತಿದ್ದರು. ಅಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಹೆದರಿದೆ. ಆ ಭಯಕ್ಕೆ ಬೇರೆ ಹೆಸರು ಕೊಟ್ಟರೆ ಸುಳ್ಳಾಗುತ್ತದೆ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮುಂದಿನ ಚಿತ್ರ ತೋರಿಸುತ್ತೇನೆ ಎಂದು ಗುಂಡಿ ಒತ್ತಿದೆ.

ಖಾಯಂ ಪಟ್ಟಿ ಡಿಸೆಂಬರಿನಲ್ಲಿ ಬಂತು. ಅವಳ ಹೆಸರಿರಲಿಲ್ಲ, ಅವಳಿಗಿಂತ ಒಂಬತ್ತು ವರ್ಷ ತಡವಾಗಿ ಸೇರಿದ ಒಬ್ಬನ ಹೆಸರಿತ್ತು. ಅವಳು ನನ್ನ ಮೇಜಿನ ಮುಂದೆ ನಿಂತು, ಯಾಕೆ ಹಿಂಗಾತು, ನಿನಗೇನರ ಗೊತ್ತೇನ್ ಮೋಳೆ ಎಂದು ಕೇಳಿದಳು. ವಿಚಾರಿಸುತ್ತೇನೆ ಎಂದೆ. ನಾಲಗೆ ಹೊರಳಿತಲ್ಲ ಎಂದು ನನಗೆ ಈಗಲೂ ಆಶ್ಚರ್ಯ. ನನ್ನ ನೌಕರಿ ಕನ್ಫರ್ಮ್ ಆಯಿತು. ಮಾರ್ಚಿನಲ್ಲಿ ತಿರುವನಂತಪುರಕ್ಕೆ ವರ್ಗ. ಅವಳು ಬೀಳ್ಕೊಡಲು ಒಂದು ಡಬ್ಬಿ ಒಣಸೀಗಡಿ ಚಟ್ನಿಪುಡಿ ತಂದಿದ್ದಳು. ನಾವು ಮನೆಯಲ್ಲಿ ಮೀನು ಸೀಗಡಿ ತಿನ್ನುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ಆ ಎರಡು ಗಿಡ್ಡ ಗಿಡಗಳ ಸಂತತಿ ಈಗ ಮೂರು ದ್ವೀಪಗಳ ಗದ್ದೆಯಲ್ಲಿದೆ.

ಜೆಟ್ಟಿಯಲ್ಲಿ ಎರಡನೆಯ ಬೋಟು ಬಂದಾಗ ಹತ್ತಿದೆ. ಅಲ್ಲಿಂದ ಬಸ್ಸು, ಬಸ್ಸಿಳಿದು ದೋಣಿ. ಅಮ್ಮಿಣಿ ಚೇಚಿ ಈಗ ಕೆಲಸಕ್ಕೆ ಹೋಗುವುದಿಲ್ಲ, ಮಂಡಿ ಹಿಡಿದಿದೆ. ಜಗಲಿಯಲ್ಲಿ ಕೂರಿಸಿ ಹಾಲಿಲ್ಲದ ಕಟ್ಟನ್ ಚಾಯ ಕೊಟ್ಟಳು. ತಿರುವನಂತಪುರದಲ್ಲಿ ಹುಟ್ಟಿದ ನನ್ನ ಮಗಳು ಹೇಗಿದ್ದಾಳೆ, ಕನ್ನಡ ಮಾತಾಡುತ್ತಾಳೋ ಮಲಯಾಳವೋ ಎಂದು ಕೇಳಿದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರಿಸುತ್ತಾಳೆ ಎಂದೆ. ನಕ್ಕಳು. ಆ ನಗು ಮುಗಿಯುವ ಮೊದಲೇ ಎಲ್ಲ ಹೇಳಿಬಿಟ್ಟೆ. ಸಭೆ, ಅಧ್ಯಕ್ಷರ ಪ್ರಶ್ನೆ, ಚೀಲದಲ್ಲಿದ್ದ ಹಾಳೆ, ನಾನು ಒತ್ತಿದ ಗುಂಡಿ. ತಪ್ಪು ನಿಮ್ಮದಲ್ಲ, ನನ್ನದು ಎಂದೆ.

ಅವಳು ಲೋಟವನ್ನು ಕೆಳಗಿಟ್ಟಳು. "ನನಗ ಆವತ್ತೇ ಗೊತ್ತಿತ್ತು. ನೀ ಬಾಯಿ ಬಿಡ್ತಿ ಏನೋ ಅಂತ ಕೇಳಿದ್ದೆ" ಎಂದಳು. ಬುಡ ಎಣಿಸುವ ಹಿಂದಿನ ದಿನ, ಶನಿವಾರವೇ, ಗುಮಾಸ್ತ ಅವಳ ಮನೆಗೆ ಬಂದು ಎಚ್ಚರಿಸಿ ಹೋಗಿದ್ದನಂತೆ: ನೀನು ಸಸಿ ತುಂಬಿದ್ದು ರುಜುವಾತಾದರೆ ಪಟ್ಟಿಯಿಂದ ನಿನ್ನ ಹೆಸರು ಹೋಗುತ್ತದೆ, ಸುಮ್ಮನೆ ಎಲ್ಲಕ್ಕೂ ಒಂದು ಅಂದುಬಿಡು, ನೀರಿನ ಅಡಿ ನೋಡುವವರು ಯಾರು ಎಂದಿದ್ದನಂತೆ.

ಮತ್ತೆ ಯಾಕೆ ಎರಡು ಎರಡು ಎಂದು ಕೂಗಿದಿರಿ ಎಂದು ಕೇಳಿದೆ.

"ಕಾಲಿಗೆ ಎರಡ ಹತ್ತಿದ್ವು" ಎಂದಳು ಅಮ್ಮಿಣಿ ಚೇಚಿ. "ಎರಡಿದ್ದದ್ದನ್ನ ನಾ ಎರಡ ಅಂದೆ. ನೀನೂ ಇದ್ದದ್ದು ಹೇಳಬೇಕಿತ್ತು ಮೋಳೆ."